ಡ್ರಮ್ಮಿನ ತಳದ ಜೋನಿ

ಬೋರಲು ಹಾಕಿದ ನೀಲಿ ಡ್ರಮ್ಮಿನ ಬಾಯಿಂದ ಕೊನೆಯ ಹನಿ ಬಿದ್ದು ಹತ್ತು ನಿಮಿಷವಾಗಿತ್ತು. ಅರುಂಧತಿ ಶಾಲನ್ನು ಕಿವಿಗೆ ಎಳೆದುಕೊಂಡು, "ಇನ್ನು ಬರಲ್ಲ ಅಲ್ವಾ ಜವರಣ್ಣ?" ಎಂದು ಕೇಳಿದಳು.

"ಇನ್ನೆಲ್ ಬತ್ತದೆ ಕಣವ್ವ. ಈ ಚಳೀಗೆ ತುಪ್ಪ ಆದಂಗೆ ತಳ ಕಚ್ಕತದೆ. ಬಿಸ್ಲು ಬಂದು ಕರಗಗಂಟ ಕಾಯ್ಕಂಡ್ ಕೂತ್ರೆ ಮ್ಯಾನೇಜರ್ರು ಸುಮ್ಕೆ ಬುಟ್ಟಾರಾ?" ಎಂದ ಜವರಯ್ಯ.

ಇಬ್ಬರೂ ಸೇರಿ ಡ್ರಮ್ಮನ್ನು ತೂಕದ ಮಿಷನ್ನಿನ ಮೇಲಿಟ್ಟರು. ಖಾಲಿ ಡ್ರಮ್ಮಿನ ತೂಕ ಒಂಬತ್ತೂವರೆ ಕೆಜಿ ಇರಬೇಕು. ಮಿಷನ್ನು ಹದಿನಾರೂವರೆ ತೋರಿಸಿತು. ಅರುಂಧತಿ ಅದನ್ನು ಪುಸ್ತಕದಲ್ಲಿ ಬರೆದುಕೊಂಡು ಕಳೆದು ನೋಡಿದಳು. ಏಳು ಕೆಜಿ. ಒಂದು ವಾರದಿಂದ ಅವಳ ನಿದ್ದೆ ಕೆಡಿಸಿದ್ದ ಲೆಕ್ಕಕ್ಕೆ ಉತ್ತರ ಇಷ್ಟು ಸುಲಭವಾಗಿ ಸಿಕ್ಕಿತ್ತು.

ಅರುಂಧತಿ ಆ ಕಾರ್ಖಾನೆಯ ಕೆಮಿಸ್ಟು. ಮದ್ದೂರಿನ ಹೊರಗೆ, ರೈಲು ಹಳಿಯ ಆಚೆಗಿದ್ದ ಆ ಶೆಡ್ಡಿನಲ್ಲಿ ಸಿಮೆಂಟಿಗೆ ಬೆರೆಸುವ ಒಂದು ದ್ರವ ತಯಾರಾಗುತ್ತಿತ್ತು. ಅದಕ್ಕೆ ಬೇಕಾದ ಮುಖ್ಯ ಸಾಮಾನು ಟ್ರೈಎಥನೋಲಮೀನ್, ಹೊರದೇಶದಿಂದ ಬರುವಂಥದ್ದು. ಆ ಹೆಸರು ಯಾರ ನಾಲಿಗೆಗೂ ಹೊರಳುತ್ತಿರಲಿಲ್ಲ. ನೋಡಲು ಆಲೆಮನೆಯ ಜೋನಿಬೆಲ್ಲದ ಹಾಗೆ ಮಂದವಾಗಿದ್ದುದರಿಂದ ಕೆಲಸದವರೆಲ್ಲ ಅದನ್ನು ಜೋನಿ ಎಂದೇ ಕರೆಯುತ್ತಿದ್ದರು. ಸೋಪಿಗೆ, ಶಾಂಪೂವಿಗೆ, ಮುಖಕ್ಕೆ ಬಳಿದುಕೊಳ್ಳುವ ಕ್ರೀಮಿಗೆ ಬೀಳುವ ಸಾಧು ವಸ್ತು ಅದು. ಆದರೆ ಮನಸ್ಸು ಕೆಟ್ಟವರು ಅದರಿಂದಲೇ ಮನುಷ್ಯರ ಮೈ ಸುಡುವ ವಿಷವನ್ನೂ ಮಾಡಬಲ್ಲರು. ಹಾಗಾಗಿ ರಾಸಾಯನಿಕ ಅಸ್ತ್ರಗಳನ್ನು ನಿಷೇಧಿಸಿದ ಒಪ್ಪಂದದ ಪಟ್ಟಿಯಲ್ಲಿ ಅದರ ಹೆಸರೂ ಸೇರಿತ್ತು. ತರಿಸಿದ್ದೆಷ್ಟು, ಬಳಸಿದ್ದೆಷ್ಟು, ಉಳಿದದ್ದೆಷ್ಟು ಎಂದು ವರ್ಷಕ್ಕೊಮ್ಮೆ ದೆಹಲಿಗೆ ವರದಿ ಹೋಗಬೇಕು. ಅಲ್ಲಿಂದ ಇಡೀ ದೇಶದ ವರದಿ ಸಮುದ್ರದಾಚೆಗೆ ಹೋಗುತ್ತದೆ.

ಈ ಸಲದ ವರದಿಯಲ್ಲಿ ಇನ್ನೂರ ಹನ್ನೆರಡು ಕೆಜಿ ಕಾಣೆಯಾಗಿತ್ತು. ಬಂದದ್ದು ತೊಂಬತ್ತಾರು ಡ್ರಮ್ಮು. ಬಿಸಿಲುಗಾಲದಲ್ಲಿ ತೆರೆದವು ಸರಾಗವಾಗಿ ಬರಿದಾಗಿದ್ದವು. ಚಳಿಯಲ್ಲಿ ತೆರೆದ ಮೂವತ್ತು ಡ್ರಮ್ಮುಗಳ ತಳದಲ್ಲಿ ಹೆಚ್ಚುಕಡಿಮೆ ಏಳೇಳು ಕೆಜಿ ಉಳಿದಿತ್ತು. ಡ್ರಮ್ಮಿಗೆ ಸುತ್ತಿ ಬಿಸಿ ಮಾಡುವ ಕರೆಂಟಿನ ಪಟ್ಟಿ ಸುಟ್ಟುಹೋಗಿ ಎರಡು ವರ್ಷವಾಗಿದ್ದರೂ ಹೊಸದು ತರಿಸಿರಲಿಲ್ಲ.

"ಉಳಿದಿದ್ದನ್ನ ಏನ್ ಮಾಡ್ತೀರಿ ಜವರಣ್ಣ?"

ಜವರಯ್ಯ ಸಂಕೋಚದಿಂದ ನಕ್ಕ. ಅವನಿಗೆ ಐವತ್ತೈದು ದಾಟಿತ್ತು. ಹನ್ನೊಂದು ವರ್ಷದಿಂದ ಡ್ರಮ್ಮು ತೊಳೆಯುವುದೇ ಅವನ ಕೆಲಸ, ಅದೂ ಗುತ್ತಿಗೆಯ ಮೇಲೆ. ಬರುವ ಏಪ್ರಿಲ್ಲಿಗೆ ಕಾಯಂ ಮಾಡುವವರ ಪಟ್ಟಿಯಲ್ಲಿ ಅವನ ಹೆಸರೂ ಇದೆ ಎಂದು ಎಲ್ಲರೂ ಹೇಳುತ್ತಿದ್ದರು. "ಬಿಸ್ಲಿಗೆ ಇಟ್ಟು ಕ್ಯಾನ್ಗೆ ಬಗ್ಗುಸ್ಕತೀನಿ ಕಣವ್ವ. ನಮ್ ಬೀದಿ ಎಣ್ಮಕ್ಕಳು ಪಾತ್ರೆ ಉಜ್ತಾರೆ. ಸೋಪಿಗಿಂತ ಸಂದಾಗ್ ಓಯ್ತದೆ ಜಿಡ್ಡು. ನಮ್ಮನೇಲಿ ಆಲಿನ್ ಕ್ಯಾನೂ ಅದ್ರಲ್ಲೇ ತೊಳ್ಯಾದು. ಯಾರ್ತಾವೂ ಒಂದ್ ಪೈಸೆ ಈಸ್ಕಂಡಿಲ್ಲ. ಚೆಲ್ಲೋದೇ ಅಲ್ವಾ ಅಂತ..."

ಅರುಂಧತಿಗೆ ನಗು ಬಂತು. ದೇಶದೇಶಗಳ ಅಧಿಕಾರಿಗಳು ಕೂತು ಕಾವಲು ಕಾಯುವ ವಸ್ತುವಿನಲ್ಲಿ ಒಂದು ಬೀದಿಯ ಹೆಂಗಸರು ಮುದ್ದೆ ಪಾತ್ರೆ ಬೆಳಗುತ್ತಿದ್ದರು.

ಮ್ಯಾನೇಜರ್ ಶಿವರಾಮು ಇದನ್ನು ಕೇಳಿ ಟೀ ಲೋಟ ಕೆಳಗಿಟ್ಟ. "ಇದನ್ನೆಲ್ಲ ಬರೀಬೇಡಿ ಮೇಡಂ. ತಯಾರಿಕೆಯಲ್ಲಿ ನಷ್ಟ, ಒಂದು ಪರ್ಸೆಂಟು ಅಂತ ಹಾಕಿ ಕಳ್ಸಿ. ನಿಮ್ಗಿಂತ ಮುಂಚೆ ಇದ್ದೋರೂ ಅದನ್ನೇ ಮಾಡ್ತಿದ್ರು. ಯಾರ್ ಬಂದು ತೂಕ ಹಾಕ್ತಾರೆ?"

"ನಷ್ಟ ಆಗಿಲ್ಲ ಸಾರ್. ಎಲ್ಲಿಗೆ ಹೋಯ್ತು ಅಂತ ನಮಗೆ ಗೊತ್ತಿದೆ."

"ಗೊತ್ತಿರೋದನ್ನೆಲ್ಲ ಬರ್ಯಕ್ಕಾಯ್ತದಾ?"

ಅವನ ಮಾತಿನಲ್ಲಿ ಹುರುಳಿತ್ತು. ಆದರೆ ಅರುಂಧತಿಗೆ ತನ್ನ ಸಹಿಯ ಮೇಲೆ ಒಂದು ಬಗೆಯ ಅಭಿಮಾನವಿತ್ತು. ಬೆಳಕವಾಡಿಯ ಅವಳ ಬೀದಿಯಲ್ಲಿ ಎಂ.ಎಸ್ಸಿ. ಓದಿದವಳು ಅವಳೊಬ್ಬಳೇ. ಅಪ್ಪ ಮರಿಸಿದ್ದಯ್ಯ ಬದುಕಿನುದ್ದಕ್ಕೂ ಯಾರೋ ಬರೆದಿಟ್ಟ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದವನು, ಏನು ಬರೆದಿದೆ ಎಂದು ಕೇಳಲೂ ಅಂಜುತ್ತಿದ್ದವನು. ತನ್ನ ಹೆಸರಿನ ಮೇಲಿರುವ ಸಾಲು ನಿಜವಾಗಿರಬೇಕು ಎಂಬುದು ಅವಳ ಹಟ. ಮೇಲಾಗಿ ಇದು ಯಾರಿಗೂ ಕೇಡು ಮಾಡುವ ನಿಜವಲ್ಲ ಎಂದುಕೊಂಡಳು. ಮುಚ್ಚಿಟ್ಟರೆ ಅನುಮಾನ, ಹೇಳಿಬಿಟ್ಟರೆ ಮುಗಿಯಿತು.

ವ್ಯತ್ಯಾಸಕ್ಕೆ ಕಾರಣ ಎಂಬ ಕಡೆ ಅವಳು ಎಲ್ಲವನ್ನೂ ಬರೆದಳು. ಚಳಿ, ಸುಟ್ಟ ಪಟ್ಟಿ, ಡ್ರಮ್ಮಿನ ತಳ, ಪಾತ್ರೆ ತೊಳೆದದ್ದು. ಯಾರ ವಶದಲ್ಲಿತ್ತು ಎಂಬ ಕಡೆ ಬರಿ "ತೊಳೆಯುವ ವಿಭಾಗ" ಎಂದು ಬರೆಯಬಹುದಾಗಿತ್ತು. ಕೈ ಒಂದು ಕ್ಷಣ ನಿಂತಿತು. ಹೆಸರಿಲ್ಲದಿದ್ದರೆ ಏನೋ ಅಡಗಿಸಿದ ಹಾಗಾಗುತ್ತದೆ ಎಂದು ಜವರಯ್ಯನ ಹೆಸರು, ಊರು ಬರೆದಳು. ಜವರಯ್ಯನಿಗೆ ಅದನ್ನು ಓದಿಯೂ ಹೇಳಿದಳು. ಅವನು ಕೈಯನ್ನು ಅಂಗಿಗೆ ಒರೆಸಿಕೊಂಡು, "ನೀವ್ ಬರ್ದಿದ್ ಮ್ಯಾಕೆ ಸರೀನೇ ಬುಡಿ" ಎಂದು ಅಕ್ಷರ ಕೂಡಿಸಿ ಸಹಿ ಹಾಕಿದ.

ಕಾಗದ ದೆಹಲಿಗೆ ಹೋಗುವ ಮೊದಲು ಬೆಂಗಳೂರಿನ ಹೆಡ್ಡಾಫೀಸಿಗೆ ಹೋಯಿತು. ಅಲ್ಲಿ ಅದನ್ನು ಪೂರ್ತಿ ಓದುವ ವ್ಯವಧಾನ ಯಾರಿಗಿತ್ತೋ! ನಿಷೇಧದ ಪಟ್ಟಿಯ ವಸ್ತು ಇನ್ನೂರು ಕೆಜಿಗೂ ಹೆಚ್ಚು ಕೆಲಸದವನ ಮನೆ ಸೇರಿದೆ ಎಂಬಷ್ಟೇ ಅವರ ಕಣ್ಣಿಗೆ ಬಿದ್ದಿತ್ತು. ನಾಲ್ಕನೆಯ ದಿನ ಅಲ್ಲಿಂದ ಕಾರಿನಲ್ಲಿ ಇಬ್ಬರು ಬಂದರು. ಒಬ್ಬ ಪೊಲೀಸಿನವನನ್ನೂ ಕೂರಿಸಿಕೊಂಡು, ಬೆಸಗರಹಳ್ಳಿ ದಾಟಿ ಎರಡು ಕಿಲೋಮೀಟರು ಒಳಗಿದ್ದ ಜವರಯ್ಯನ ಊರಿಗೆ ಹೋದರು. ಕೈಗೆ ಗ್ಲೌಸು, ಮೂಗಿಗೆ ಮಾಸ್ಕು ಹಾಕಿಕೊಂಡು ಹಿತ್ತಿಲಿನ ಎರಡು ಕ್ಯಾನುಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸೀಲು ಹಾಕಿದರು. ಯಾರೋ ಮೊಬೈಲಿನಲ್ಲಿ ಹಿಡಿದರು. ಸಂಜೆಯ ಹೊತ್ತಿಗೆ ಆ ವಿಡಿಯೋ ಪಕ್ಕದ ಹೋಬಳಿಯ ಕೊಪ್ಪದವರೆಗೂ ಹೋಗಿತ್ತು. ಜವರಯ್ಯನ ಮನೆಯಲ್ಲಿ ಬಾಂಬಿಗೆ ಹಾಕುವ ಎಣ್ಣೆ ಸಿಕ್ಕಿತಂತೆ ಎಂದು ಅದರ ಕೆಳಗೆ ಬರೆದಿತ್ತು.

ವಿಚಾರಣೆ ಮುಗಿಯುವವರೆಗೆ ಕೆಲಸಕ್ಕೆ ಬರಬೇಡ ಎಂದು ಗೇಟಿನಲ್ಲಿ ಹೇಳಿದಾಗ ಜವರಯ್ಯ ಊಟದ ಡಬ್ಬಿ ಹಿಡಿದುಕೊಂಡು ಬಂದ ಹಾಗೇ ಹೊರಟುಹೋದನಂತೆ. ಅರುಂಧತಿ ಆಗ ಲ್ಯಾಬಿನಲ್ಲಿದ್ದಳು. ಅವಳನ್ನು ಕರೆದು ಹೇಳುವಷ್ಟು ದೊಡ್ಡ ವಿಷಯ ಅದೆಂದು ಯಾರಿಗೂ ಅನ್ನಿಸಿರಲಿಲ್ಲ.

ಮೂರು ವಾರಕ್ಕೆ ವಿಚಾರಣೆ ಮುಗಿಯಿತು. ಅರುಂಧತಿ ಹೇಳಿದ್ದೇ ನಿಜವಾಯಿತು. ಕ್ಯಾನಿನಲ್ಲಿದ್ದದ್ದು ನೀರು ಬೆರೆತ ಟ್ರೈಎಥನೋಲಮೀನ್, ಯಾರಿಗೂ ಮಾರಿಲ್ಲ, ದುರುಪಯೋಗವಾಗಿಲ್ಲ ಎಂದು ಒಪ್ಪಂದದ ದೆಹಲಿ ಕಚೇರಿಯಿಂದ ಇಂಗ್ಲಿಷಿನಲ್ಲಿ ಒಂದು ಹಾಳೆ ಬಂತು. ಡ್ರಮ್ಮು ಬಿಸಿ ಮಾಡುವ ಹೊಸ ಪಟ್ಟಿಯೂ ಬಂತು. ಜವರಯ್ಯನನ್ನು ಮಾತ್ರ ವಾಪಸು ಕರೆಯಲಿಲ್ಲ. "ಗುತ್ತಿಗೆ ಮುಗೀತು, ಅಷ್ಟೇ. ತಪ್ಪಿತಸ್ಥ ಅಂತ ನಾವೆಲ್ಲಿ ಅಂದ್ವಿ?" ಎಂದ ಶಿವರಾಮು. ಅರುಂಧತಿ ಜೋರು ಮಾಡಿದಳು. ಹೆಡ್ಡಾಫೀಸಿಗೆ ಎರಡು ಸಲ ಬರೆದಳು. ಉತ್ತರ ಬರಲಿಲ್ಲ. ಅಷ್ಟರಲ್ಲಿ, ಊರಿನ ಡೈರಿಯಲ್ಲಿ ಅವನ ಹೆಂಡತಿ ಚಿಕ್ಕಬೋರಮ್ಮನ ಹಾಲನ್ನೂ ಹಾಕಿಸಿಕೊಳ್ಳುತ್ತಿಲ್ಲ ಎಂಬ ಸುದ್ದಿ ಬಂತು. ಕೆಲಸ ಹೋದ ಮೇಲೆ ಆ ಮನೆ ನಿಂತಿದ್ದೇ ಎರಡು ಹಸುವಿನ ಮೇಲೆ.

ಭಾನುವಾರ ಮುಂಜಾನೆ ಆ ಹಾಳೆಯನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ಅರುಂಧತಿ ಬೆಸಗರಹಳ್ಳಿಯ ಬಸ್ಸಿಳಿದು ನಡೆದಳು. ಡೈರಿಯ ಮುಂದೆ ಕ್ಯಾನು ಹಿಡಿದವರ ಸಾಲಿತ್ತು. ಸೆಕ್ರೆಟರಿ ರಘುನಂದನ್ ಒಳ್ಳೆಯ ಮಾತಿನ ಹುಡುಗ, ಪದವೀಧರ. ಕುರ್ಚಿ ಹಾಕಿ ಕೂರಿಸಿದ. ಅವಳು ಎಲ್ಲವನ್ನೂ ಬಿಡಿಸಿ ಹೇಳಿದಳು. ಅದು ಸೋಪಿಗೆ ಹಾಕುವಂಥದ್ದು, ತೊಳೆದರೆ ಹೋಗುತ್ತದೆ, ಹಾಲಿಗೆ ಏನೂ ಆಗುವುದಿಲ್ಲ.

"ನಂಗೊತ್ತು ಮೇಡಂ. ನಾನೇನ್ ಬ್ಯಾಡ ಅಂದಿಲ್ಲ. ಜನ ಒಪ್ಬೇಕಲ್ಲ. ನಾಳೆ ಇಡೀ ಊರಿನ್ ಆಲು ವಾಪಸ್ ಬಂದ್ರೆ ಯಾರ್ ಜವಾಬ್ದಾರಿ?"

"ಅವರ ಹಾಲು ಟೆಸ್ಟ್ ಮಾಡಿ ನೋಡಿ."

"ನಮ್ ಮಿಸಿನ್ನಲ್ಲಿ ಫ್ಯಾಟು ಕಾಣ್ತದೆ, ನೀರು ಬೆರ್ಸಿದ್ರೆ ಕಾಣ್ತದೆ. ಬಾಂಬ್ ಕಾಣಕಿಲ್ವಲ್ಲ," ಎಂದು ಸಾಲಿನಲ್ಲಿದ್ದ ಕೆಂಪಯ್ಯ ಎಂಬ ಹಿರಿಯ ನಡುವೆ ಬಾಯಿ ಹಾಕಿದ. ನಾಲ್ಕಾರು ಜನ ನಕ್ಕರು.

ಅರುಂಧತಿ ಕವರಿನಿಂದ ಹಾಳೆ ತೆಗೆದುಕೊಟ್ಟಳು. ರಘುನಂದನ್ ಅದರ ಮೇಲೆ ಬೆರಳಾಡಿಸಿ ತಲೆಬರಹದ ಹತ್ತಿರ ನಿಂತ. ಆಮೇಲೆ ಹಾಳೆಯನ್ನು ಅವಳ ಕಡೆಗೇ ತಿರುಗಿಸಿ, ಮೆಲುದನಿಯಲ್ಲಿ, "ಇದ್ರಲ್ಲೇ ಕೆಮಿಕಲ್ ವೆಪನ್ಸ್ ಅಂತ ದಪ್ಪಕ್ಷರದಲ್ಲಿ ಐತಲ್ಲ ಮೇಡಂ. ಇದನ್ ಇಲ್ಲಿ ಅಂಟಿಸ್ಲಾ?" ಎಂದ.

ಕೆಳಗಿದ್ದ ಸಾಲುಗಳನ್ನು ಓದಿ ಹೇಳಬೇಕೆಂದು ಬಾಯಿ ತೆರೆದ ಅರುಂಧತಿ ಕ್ಯಾನು ಹಿಡಿದು ನಿಂತವರ ಮುಖಗಳನ್ನು ನೋಡಿದಳು. ಹಾಳೆಯನ್ನು ಮಡಚಿ ಕವರಿಗೆ ಹಾಕಿಕೊಂಡಳು.

ಜವರಯ್ಯನ ಮನೆ ಊರಾಚೆಯ ಬೀದಿಯ ಕೊನೆಗಿತ್ತು. ದಾರಿಯಲ್ಲಿ, ತಿಪ್ಪೆಯ ಪಕ್ಕ ನೀಲಿ ಡ್ರಮ್ಮುಗಳು ಬಿದ್ದಿದ್ದವು. ಅವನೇ ತೊಳೆದು ಮನೆಮನೆಗೆ ಕೊಟ್ಟವು, ನೀರು ತುಂಬಿಟ್ಟುಕೊಳ್ಳಲು. ಅವನದೇ ಬೀದಿಯವರು ಅವನ್ನು ತಂದು ಎಸೆದಿದ್ದರು. ಒಂದರ ಮೇಲೆ ಮಗುವೊಂದು ಬಳಪದಲ್ಲಿ ಬರೆದ ಅ ಆ ಇ ಈ ಇನ್ನೂ ಅಳಿಸಿರಲಿಲ್ಲ.

ಜವರಯ್ಯ ಜಗಲಿಯಲ್ಲಿ ಕೂತಿದ್ದವನು ಎದ್ದು ನಿಂತು ಚಾಪೆ ಹಾಸಿದ. ಅವನ ಹಿಂದಿನ ಗೋಡೆಯಲ್ಲಿ ಬುದ್ಧನ ಚಿತ್ರದ ಕ್ಯಾಲೆಂಡರು ಹೋದ ತಿಂಗಳಿನಲ್ಲೇ ನಿಂತಿತ್ತು. ಅರುಂಧತಿ ಕೂತಳು. ದಾರಿಯುದ್ದಕ್ಕೂ ಕೂಡಿಸಿಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಯಿತು. "ನನ್ನಿಂದ ತಪ್ಪಾಯ್ತು ಜವರಣ್ಣ. ನಿಮ್ಮ ಹೆಸರು ಬರೀಬಾರದಿತ್ತು," ಎಂದಳು.

"ನೀವೇನ್ ಸುಳ್ ಬರುದ್ರಾ ಕಣವ್ವ? ಇದ್ದಿದ್ನೇ ಬರುದ್ರಿ," ಎಂದ ಜವರಯ್ಯ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. "ನಮ್ ಬೀದಿ ಆಲು ಹಾಕುಸ್ಕಳಕ್ಕೆ ಮೊದ್ಲೇ ಇಂದೆಮುಂದೆ ನೋಡೋರು. ಏಳೆಂಟು ವರ್ಸ ಓಡಾಡಿ, ಅರ್ಜಿ ಕೊಟ್ಟು, ಆಮ್ಯಾಕೆ ಸುರು ಮಾಡುದ್ರು. ಬಾಯ್ಬುಟ್ಟು ಯೋಳಕ್ಕಾಯ್ತಿರ್ಲಿಲ್ಲ ಅವ್ರಿಗೆ. ಈಗ ಯೋಳಕ್ಕೊಂದು ಮಾತು ಸಿಕ್ತು."

ಅರುಂಧತಿ ತಲೆ ತಗ್ಗಿಸಿದಳು. ಇದು ಅವಳಿಗೆ ತಿಳಿಯದ ವಿಷಯವೇ? ಬೆಳಕವಾಡಿಯಲ್ಲಿ ಅವಳ ಅವ್ವ ಹೋಟೆಲಿಗೆ ಹಾಲು ಕೊಡಲು ಹೋಗಿ, ತಂಬಿಗೆ ತುಂಬ ಹಾಗೇ ವಾಪಸು ತಂದದ್ದನ್ನು ಅವಳು ನೋಡಿದ್ದಳು. ವರದಿ ಬರೆಯುವ ದಿನ ಅದು ಯಾಕೆ ನೆನಪಾಗಲಿಲ್ಲವೋ.

ಚಿಕ್ಕಬೋರಮ್ಮ ಒಳಗಿನಿಂದ ಸ್ಟೀಲಿನ ಲೋಟ ತಂದು ಅವಳ ಮುಂದಿಟ್ಟಳು. ಕಾಫಿ ಕಪ್ಪಗಿತ್ತು. ಅಂಗಳದಲ್ಲಿ ಕರು ಕೆಚ್ಚಲಿಗೆ ಬಾಯಿ ಹಾಕಿತ್ತು, ಅದನ್ನು ಎಳೆದು ಕಟ್ಟುವವರಿರಲಿಲ್ಲ. ಅದರ ಬಾಯಂಚಿನಿಂದ ನೊರೆ ನೆಲಕ್ಕೆ ಇಳಿಯುತ್ತಿತ್ತು.

"ಹಾಲು ಹಾಕ್ಲಿಲ್ವಾ ಚಿಕ್ಕಮ್ಮ?"

ಚಿಕ್ಕಬೋರಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ನೀವ್ ಕುಡಿಯಾಕಿಲ್ವೇನೋ ಅನ್ಕಂಡೆ ಕಣವ್ವ. ಓದ್ದೋರು. ಅದೇನು ಏನ್ಕತೆ ಅಂತ ನಮ್ಗಿಂತ ನಿಮ್ಗೇ ಗೊತ್ತಲ್ಲ."

"ಹಾಕಿ ಚಿಕ್ಕಮ್ಮ. ನಾನು ಕುಡೀತೀನಿ."

ಚಿಕ್ಕಬೋರಮ್ಮ ಗಂಡನ ಮುಖ ನೋಡಿದಳು. ಆಮೇಲೆ ಚೊಂಬು ತೆಗೆದುಕೊಂಡು ಅಂಗಳದ ಬಚ್ಚಲ ಕಲ್ಲಿನ ಹತ್ತಿರ ಕೂತಳು. ಬೂದಿ ಹಾಕಿ ಉಜ್ಜಿದಳು, ನೀರು ಸುರಿದಳು. ಮತ್ತೆ ಬೂದಿ ಹಾಕಿದಳು, ಮತ್ತೆ ಸುರಿದಳು. ಮೂರನೆಯ ಸಲವೂ ತೊಳೆದು, ಚೊಂಬನ್ನು ಬೋರಲು ಹಾಕಿ ಕೊನೆಯ ಹನಿ ಬೀಳುವವರೆಗೆ ಕಾದಳು. ಕರುವನ್ನು ಎಳೆದು ಗೂಟಕ್ಕೆ ಕಟ್ಟಿ, ಹಸುವಿನ ಬಳಿ ಕೂರುವ ಮೊದಲು ಜಗಲಿಯವರೆಗೆ ಬಂದಳು. ಚೊಂಬಿನ ಬಾಯನ್ನು ಅರುಂಧತಿಯ ಕಡೆಗೆ ವಾಲಿಸಿ, ತಳಕ್ಕೆ ಬಿಸಿಲು ಬೀಳುವ ಹಾಗೆ ಹಿಡಿದಳು.

"ನೋಡ್ಕಳವ್ವ," ಎಂದಳು.

ಅರುಂಧತಿ ಲೋಟ ಹಿಡಿದುಕೊಂಡು ಹಾಗೇ ಕೂತಿದ್ದಳು. ಉತ್ತರ ಬಾರದ್ದನ್ನು ಕಂಡು ಚಿಕ್ಕಬೋರಮ್ಮ ತಾನೇ ಒಮ್ಮೆ ಚೊಂಬಿನೊಳಗೆ ಇಣುಕಿದಳು. ಮತ್ತೆ ಬಚ್ಚಲ ಕಲ್ಲಿಗೆ ಹೋಗಿ ಕೂತು, ಬೂದಿಗೆ ಕೈ ಹಾಕಿದಳು.