ಮಾದಲಿ ಯಾರದು, ಮಾತು ಯಾರದು

ದಿಲ್‌ಸುಖ್‌ನಗರದ ಶಂಕ್ರಮ್ಮ ಎದುರುಮನೆಯ ಭಕ್ತಿಯೊಡನೆ ಮಾತು ಬಿಟ್ಟು ಹದಿನೈದು ದಿನವಾಗಿತ್ತು. ಕಾರಣ ಮಾದಲಿ. ಬಾಗಲಕೋಟೆ ಕಡೆಯ ಆ ಗೋಧಿಯ ಸಿಹಿಗೆ ಶಂಕ್ರಮ್ಮ ತನ್ನದೇ ಅಳತೆಯಲ್ಲಿ ಒಣಶುಂಠಿ ಬೆರೆಸಿ ಮಾರುತ್ತಿದ್ದಳು. ಅವಳ ಹತ್ತಿರವೇ ಕಲಿತ ಭಕ್ತಿ ಈಗ ತಾನೂ ಮಾರತೊಡಗಿದ್ದಳು.

ಮಹಿಳಾ ಸಂಘದ ಸಭೆಗೆ ಭಕ್ತಿ ಬಂದರೆ ಶಂಕ್ರಮ್ಮ ಎದ್ದು ಹೋಗುತ್ತಿದ್ದಳು. ಸಂಘವೇ ಎರಡು ಹೋಳಾಗುವ ಹಾಗಿತ್ತು.

ಸಂಘದ ಸದಸ್ಯೆ ನೇತ್ರಾ ಅಬಿಡ್ಸ್‌ನಲ್ಲಿ ವಕೀಲೆ. ಒಂದು ಭಾನುವಾರ ಶಂಕ್ರಮ್ಮ ಅವಳನ್ನು ಮನೆಗೆ ಕರೆದಳು.

“ಭಕ್ತಿಗೆ ಒಂದು ನೋಟಿಸ್ ಕಳಸು. ನನ್ನ ಅಡಗಿ ಕದ್ದಾಳ. ಅದಕ್ಕ ಕಾಪಿರೈಟ್ ಅಂತ ಏನೋ ಐತಂತಲ್ಲ.”

“ಐತ್ರಿ. ಆದ್ರ ಅಡಗಿಗಿಲ್ಲ,” ಎಂದಳು ನೇತ್ರಾ. “ಯಾವ ಸಾಮಾನು ಎಷ್ಟು, ಹೆಂಗ ಹುರೀಬೇಕು ಅನ್ನೋದಕ್ಕ ಕಾಪಿರೈಟ್ ಸಿಗಂಗಿಲ್ಲ. ಭಕ್ತಿ ಮಾಡಬಹುದು, ಮಾರಬಹುದು.”

“ಇದೆಂಥಾ ಕಾನೂನು? ಶುಂಠಿ ಅಳತಿ ನಂದು.”

“ಮಾದಲಿ ನಿಮಗ ಕಲಿಸಿದವರು ಯಾರ್ರಿ?”

“ನಮ್ಮತ್ತಿ.”

“ಅವರು ನೀವು ಮಾಡಬ್ಯಾಡ್ರಿ ಅಂದಿದ್ರೇನ್ರಿ?”

ಶಂಕ್ರಮ್ಮ ಮಾದಲಿಯ ತಟ್ಟೆಯನ್ನು ಮುಂದೆ ಸರಿಸಿದಳು.

ತಿನ್ನುತ್ತ ಕುಳಿತ ನೇತ್ರಾಳ ಕಣ್ಣು ಕಪಾಟಿನ ಮೇಲೆ ಬಿತ್ತು. ಅದರ ಬಾಗಿಲಿಗೆ ಒಂದು ಬಣ್ಣದ ಪೊಟ್ಟಣ ಅಂಟಿಸಿತ್ತು.

“ಅದೇನ್ರಿ?”

“ಇಲ್ಲೇ ಮಾದಾಪುರದಾಗ ನಮ್ಮ ಕಡೆ ತಿಂಡಿ ಮಾರೋ ಅಂಗಡಿಯವರ ಮಾದಲಿ ಪೊಟ್ಟಣ. ನಾ ಫೇಸ್‌ಬುಕ್ಕಿನ್ಯಾಗ ಬರದದ್ದು, ನಾ ತಗದ ಫೋಟೋ, ಎಲ್ಲಾ ಹಾಕ್ಯಾರ ನೋಡು,” ಎಂದಳು ಶಂಕ್ರಮ್ಮ, ಬಹಳ ಹೆಮ್ಮೆಯಿಂದ.

ನೇತ್ರಾ ಹತ್ತಿರ ಹೋಗಿ ಓದಿದಳು: ‘ನಮ್ಮತ್ತಿ ಬೆಲ್ಲ ಕುಟ್ಟಿದರೆ ಪಕ್ಕದ ಓಣಿಯ ಮಕ್ಕಳೂ ಬಾಗಿಲಿಗೆ ಬರುತ್ತಿದ್ದರು.’ ಕೆಳಗೆ ಅಂಗಡಿಯ ಹೆಸರು.

“ನಿಮ್ಮನ್ನ ಕೇಳಿ ಹಾಕ್ಯಾರೇನ್ರಿ?”

“ಇಲ್ಲ.”

“ಕಳುವಾಗಿದ್ದು ಇಲ್ಲಿ ನೋಡ್ರಿ. ಅಡಗಿ ಎಲ್ಲಾರದು. ನೀವು ಬರದ ಮಾತು, ತಗದ ಫೋಟೋ ನಿಮ್ಮವು. ರಿಜಿಸ್ಟರ್ ಮಾಡಿಸದಿದ್ರೂ ನಿಮ್ಮವ.”

ಶಂಕ್ರಮ್ಮ ಪೊಟ್ಟಣವನ್ನೇ ನೋಡುತ್ತ ನಿಂತಳು. “ಬಿಡಬೇಕಾದವರನ್ನ ಹಿಡಕೊಂಡೆ. ಹಿಡೀಬೇಕಾದವರನ್ನ ಕಪಾಟಿಗೆ ಅಂಟಿಸಿಕೊಂಡೆ,” ಎಂದು ನಕ್ಕುಬಿಟ್ಟಳು.

ಅಂದೇ ಸಂಜೆ ಅವಳು ರಸ್ತೆ ದಾಟಿ ಹೋದಳು. “ಭಕ್ತಿ, ತಪ್ಪಾತು ನಂದು. ದಸರಾಕ್ಕ ದೊಡ್ಡ ಆರ್ಡರ್ ಬಂದೈತಿ, ನನ್ನ ಒಬ್ಬಾಕಿ ಕೈಲೆ ಆಗಂಗಿಲ್ಲ. ಕೂಡಿ ಮಾಡೂಣೇನು?”

ಭಕ್ತಿ ಸೆರಗಿನಿಂದ ಕಣ್ಣೊರೆಸಿಕೊಂಡು, “ಮೊದಲು ಒಳಗ ಬರ್ರಿ,” ಎಂದಳು.

ಅಂಗಡಿಗೆ ನೇತ್ರಾ ಬರೆದ ಪತ್ರ ಹೋಯಿತು, ಜೊತೆಗೆ ಶಂಕ್ರಮ್ಮನ ಬರಹದ ತಾರೀಖು ಕಾಣುವ ಪ್ರತಿ. ಮೂರು ವಾರಕ್ಕೆ ಅವರು ಕ್ಷಮೆ ಕೇಳಿ, ಆ ಪೊಟ್ಟಣ ನಿಲ್ಲಿಸಿದರು.

ಓದುತ್ತಿರುವ ಅಕ್ಕ, ನಿಮ್ಮ ಕೈರುಚಿ ನೆರೆಮನೆಗೆ ಹೋದರೆ ಜಗಳ ಬೇಡ. ಗುಟ್ಟಾಗಿ ಇಡಬೇಕಾದ ಮಸಾಲೆ ಇದ್ದರೆ ಹೇಳುವ ಮೊದಲೇ ಕಾಗದದ ಮೇಲೆ ಒಪ್ಪಂದ ಮಾಡಿಕೊಳ್ಳಿ. ಸಂಶಯ ಬಂದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ. ಹೆಣ್ಣುಮಕ್ಕಳಿಗೆ ಅಲ್ಲಿ ಸಲಹೆ ಉಚಿತ. ಬೇಯಿಸಿದ್ದನ್ನು ಊರಿಗೆಲ್ಲ ಹಂಚಿ. ಬರೆದದ್ದರ ಕೆಳಗೆ ಮಾತ್ರ ನಿಮ್ಮ ಹೆಸರು, ತಾರೀಖು ಇಂದೇ ಹಾಕಿಡಿ.