ಕೊನೆಯಲ್ಲಿ ಐದು ನಿಮಿಷ ಬಾಯ್ಲ್

ನಾನು ರಾಜಲಕ್ಷ್ಮಿ. ಮೈಸೂರಿನವಳು, ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟಿದವಳಲ್ಲ. ಅಂಥವಳು ತೊಂಬತ್ತಾರನೇ ಇಸವಿಯ ಅಕ್ಟೋಬರಿನಲ್ಲಿ ಒಂದು ಶನಿವಾರ, ಅಮೆರಿಕದ ಡರ್ಹಮ್‌ನ ನಮ್ಮ ಅಪಾರ್ಟ್‌ಮೆಂಟಿನಲ್ಲಿ, ಮೂಗಿಗೆ ದುಪಟ್ಟಾ ಕಟ್ಟಿಕೊಂಡು ಕೋಳಿ ಬೇಯಿಸಿದ್ದೇನೆ. ನಗುವವರು ನಗಲಿ. ನನ್ನ ಮಗಳಿಗೋಸ್ಕರ ಬೇಯಿಸಿದೆ, ನನಗೇನೂ ನಾಚಿಕೆಯಿಲ್ಲ.

ರಚನಾಗೆ ಆಗ ಒಂಬತ್ತು ವರ್ಷ. ನನ್ನ ಗಂಡ ಶೇಷಾದ್ರಿಗೆ ಇಲ್ಲಿನ ರಿಸರ್ಚ್ ಟ್ರಯಾಂಗಲ್ ಪಾರ್ಕ್‌ನ ಒಂದು ಕಂಪನಿಯಲ್ಲಿ ಕೆಲಸ ಸಿಕ್ಕಿದ್ದರಿಂದ ಜೂನ್‌ನಲ್ಲಿ ಅಟ್ಲಾಂಟಾ ಬಿಟ್ಟು ಬಂದಿದ್ದೆವು. ಅಲ್ಲಿ ಎದುರುಮನೆ ಹುಡುಗಿಯರ ಜೊತೆ ಹಗಲಿಡೀ ವಟಗುಟ್ಟುತ್ತಿದ್ದ ಮಗು ಇಲ್ಲಿಗೆ ಬಂದಮೇಲೆ ತೆಪ್ಪಗಾಗಿಬಿಟ್ಟಿತು. ಸೆಪ್ಟೆಂಬರಿನಲ್ಲಿ ಅವಳ ಟೀಚರ್ ನನ್ನನ್ನು ಕರೆಸಿ, ಬಹಳ ಮೆತ್ತಗೆ, ಊಟದ ಹೊತ್ತಿನಲ್ಲಿ ಅವಳು ಒಬ್ಬಳೇ ಕೂತಿರುತ್ತಾಳೆ ಎಂದರು. ಯಾರೋ ಅವಳ ಡಬ್ಬಿಯ ಮೊಸರನ್ನ ನೋಡಿ ‘ಗ್ಲೂ’ ಅಂದಿದ್ದರಂತೆ. ಗೋಂದಂತೆ, ಗೋಂದು! ಆ ಅಂಟಂಟು ಮೆಕರೋನಿ ತಿನ್ನುವವರ ಬಾಯಲ್ಲಿ ಈ ಮಾತು! ಪಾರ್ಕಿಂಗ್ ಲಾಟ್‌ನಲ್ಲಿ ಕಾರೊಳಗೆ ಕೂತು ಚೆನ್ನಾಗಿ ಅತ್ತೆ. ಮಾರನೇ ದಿನದಿಂದ ಡಬ್ಬಿಗೆ ಬ್ರೆಡ್ ಜ್ಯಾಮ್ ಹಾಕಲು ಶುರುಮಾಡಿದೆ.

ಹೀಗಿರುವಾಗ ಒಂದು ಗುರುವಾರ ರಚನಾ ಸ್ಕೂಲ್ ಬಸ್ ಇಳಿದವಳೇ ಓಡಿ ಬಂದಳು.

“ಅಮ್ಮಾ, ಮೇಗನ್ ಸ್ಯಾಟರ್ಡೇ ಡಿನ್ನರ್‌ಗೆ ಬರ್ತಾಳೆ! ಅವಳ ಮಾಮ್ ಓಕೆ ಅಂದ್ರು!”

ನಾಲ್ಕು ತಿಂಗಳಲ್ಲಿ ಅವಳ ಬಾಯಿಂದ ಬಂದ ಮೊದಲ ಹೆಸರು ಅದು. ನನಗಾದ ಖುಷಿಗೆ ಅಲ್ಲೇ ಕುಣಿಯುವುದೊಂದು ಬಾಕಿ. “ಏನು ಮಾಡಲಿ ಪುಟ್ಟಿ? ಪೂರಿ? ಜಾಮೂನು?”

ಅವಳು ಶೂ ಲೇಸ್ ನೋಡುತ್ತ ನಿಂತಳು. “ಬಟ್... ನಾವು ಚಿಕನ್ ತಿಂತೀವಿ ಅಂತ ಹೇಳಿದೀನಿ. ಸ್ವೀಟ್ ಸಾಸ್ ಹಾಕಿ ಬೇಕ್ ಮಾಡ್ತಾರಲ್ಲ, ಅದು. ಎವ್ರಿ ವೀಕ್ ಅಂತ.”

“ಎವ್ರಿ ವೀಕಾ!”

“ಮೊಸರನ್ನ ಇಡಬೇಡ, ಪ್ಲೀಸ್. ಮತ್ತೆ ಅವಳ ಮುಂದೆ ಕನ್ನಡ ಮಾತಾಡಬೇಡ. ಓಕೆ?”

ಸಿಟ್ಟು ನೆತ್ತಿಗೇರಿತು. ನಮ್ಮನೆ ಊಟ, ನಮ್ಮ ಮಾತು, ಎಲ್ಲ ಕಪಾಟಿನಲ್ಲಿ ಬಚ್ಚಿಡಬೇಕೇ? ಚೆನ್ನಾಗಿ ಬೈಯೋಣ ಅಂತ ಬಾಯಿ ತೆರೆದವಳು ಅವಳ ಮುಖ ನೋಡಿದೆ. ಈ ಶನಿವಾರ ಕೆಟ್ಟರೆ ಸೋಮವಾರ ಇವಳು ಮತ್ತೆ ಒಬ್ಬಳೇ ಕೂರುತ್ತಾಳೆ. “ಆಯ್ತು” ಅಂದೆ.

ಸಂಜೆ ಶೇಷಾದ್ರಿ ಕಣ್ಣುಬಾಯಿ ಬಿಟ್ಟರು. “ರಾಜೀ, ನಿನಗೇನು ತಲೆಗಿಲೆ ಕೆಟ್ಟಿದೆಯಾ?”

“ಕೆಟ್ಟಿದೆ. ಹೋಗಿ ಕೋಳಿ ತಗೊಂಬನ್ನಿ.”

ತಂದರು ಪಾಪ. ಒಂದರ ಮೇಲೊಂದು ಮೂರು ಪ್ಲಾಸ್ಟಿಕ್ ಚೀಲ ಹಾಕಿ, ಕೈ ಆದಷ್ಟು ದೂರ ಚಾಚಿಕೊಂಡು ಬಂದರು. ಅದರ ಜೊತೆ ಬಳಸಿ ಬಿಸಾಡುವ ಅಲ್ಯೂಮಿನಿಯಮ್ ಟ್ರೇ ಒಂದು. ನಮ್ಮ ಪಾತ್ರೆಗೆ ಅದು ಸೋಕಬಾರದು ಅಂತ ನಾನೇ ಹೇಳಿದ್ದೆ.

ಇನ್ನು ಮಾಡುವ ವಿಧಾನ. ಕನ್ನಡ ಸಂಘದಲ್ಲಿ ಪರಿಚಯವಾಗಿದ್ದ ಮಂಗಳೂರಿನ ನೀರಜಾಗೆ ಫೋನ್ ಮಾಡಿದೆ. ಕೋಳಿ, ಮೀನು ಅಂದರೆ ಅವಳಿಗೆ ನೀರು ಕುಡಿದಷ್ಟು ಸಲೀಸು.

“ಎಂತ ಹೆದರಿಕೆ ಮಾರಾಯ್ತಿ? ಬ್ರೌನ್ ಶುಗರ್, ಸೋಯಾ ಸಾಸ್, ಸಾಸಿವೆ ಪೇಸ್ಟ್, ಬೆಳ್ಳುಳ್ಳಿ, ಕಾಳುಮೆಣಸು, ಎಲ್ಲ ಕಲಸಿ. ಕೋಳಿ ಕಾಲಿಗೆ ಸವರಿ. ಒವನ್ ನಾನ್ನೂರು ಡಿಗ್ರಿಗಿಟ್ಟು ಮುಕ್ಕಾಲು ಗಂಟೆ. ನಡುವೆ ಎರಡು ಸಲ ಮತ್ತೆ ಸವರಬೇಕು. ಕೊನೆಗೆ ಐದು ನಿಮಿಷ ಬ್ರಾಯ್ಲ್ ಮಾಡಿದರೆ ಆಯಿತು, ಕನ್ನಡಿ ಹಾಗೆ ಹೊಳೀತದೆ.”

ನಾನು ಅಚ್ಚುಕಟ್ಟಾಗಿ ಬರೆದುಕೊಂಡೆ: ಕೊನೆಯಲ್ಲಿ ಐದು ನಿಮಿಷ ಬಾಯ್ಲ್.

ಶನಿವಾರ ಮಧ್ಯಾಹ್ನ ಮೊದಲು ಒವನ್ ಖಾಲಿ ಮಾಡಬೇಕಾಯಿತು. ನಮ್ಮ ಮನೆಯಲ್ಲಿ ಅದು ಬಾಣಲೆ, ದೋಸೆ ಕಾವಲಿ, ಹಪ್ಪಳದ ಡಬ್ಬ ಇಡುವ ಗೂಡು. ಅಲ್ಲಿಯವರೆಗೆ ಒಂದು ದಿನವೂ ಹಚ್ಚಿರಲಿಲ್ಲ. ಸಾಸ್ ಕಲಸಿ ಕೋಳಿಗೆ ಸವರುವ ಮುಂಚೆ ಒಂದು ಹನಿ ನಾಲಿಗೆಗಿಟ್ಟು ನೋಡಿದೆ. ಸಿಹಿ, ಉಪ್ಪು, ಒಂದಿಷ್ಟು ಖಾರ. ಅರೆ, ಇದು ನಮ್ಮ ಗೊಜ್ಜಿನ ದೂರದ ನೆಂಟನಲ್ಲವೇ ಅನಿಸಿತು. ಆಮೇಲೆ ಶೇಷಾದ್ರಿಯ ಹಳೇ ಗ್ಲೌಸ್ ತೊಟ್ಟು, ಮುಖ ಆ ಕಡೆ ತಿರುಗಿಸಿ, ಹತ್ತು ಕಾಲಿಗೂ ಸವರಿದೆ. ದೇವರೇ ಗತಿ.

ಐದೂಮುಕ್ಕಾಲಿಗೆ ಟ್ರೇ ಹೊರಬಂತು. ಸುಳ್ಳು ಯಾಕೆ ಹೇಳಲಿ, ನೋಡಲು ಚೆನ್ನಾಗಿತ್ತು. ಕಂದು ಬಣ್ಣ, ಮೇಲೆ ಪಾಕದ ಹೊಳಪು. ಚೀಟಿ ನೋಡಿದೆ: ಬಾಯ್ಲ್. ಇಷ್ಟು ಬೆಂದದ್ದನ್ನು ಮತ್ತೆ ಕುದಿಸುವುದೇ? ಆದರೆ ನನಗೆ ತಿಳಿಯದ ವಿದ್ಯೆ, ನಾನೇಕೆ ತಲೆ ಓಡಿಸಲಿ? ಆ ತೆಳು ಟ್ರೇಯಲ್ಲಿ ಕುದಿಸುವ ಹಾಗಿರಲಿಲ್ಲ. ಮನೆಯಲ್ಲಿದ್ದ ದೊಡ್ಡ ಪಾತ್ರೆ ಒಂದೇ, ಮದುವೆಯಲ್ಲಿ ಅಜ್ಜಿ ತಮ್ಮ ಹೆಸರು ಕೊರೆಸಿ ಕೊಟ್ಟ ಸಾರಿನ ಪಾತ್ರೆ. ಎರಡು ನಿಮಿಷ ಅದನ್ನೇ ನೋಡುತ್ತ ನಿಂತೆ. “ಅಜ್ಜಿ, ಮರಿಮೊಮ್ಮಗಳಿಗೋಸ್ಕರ” ಎಂದು ಗೊಣಗಿ ನಾಲ್ಕು ಲೋಟ ನೀರು ಹೊಯ್ದು, ಕೋಳಿ ಹಾಕಿ, ಐದು ನಿಮಿಷ ಕುದಿಸಿದೆ.

ಹೊಳಪೆಲ್ಲ ಕರಗಿ ನೀರಾಯಿತು. ಬಿಳಿಚಿಕೊಂಡ ಕಾಲುಗಳು ಕಂದು ನೀರಿನಲ್ಲಿ ತೇಲಾಡಿದವು. ಮತ್ತೆ ಫೋನ್ ಹಚ್ಚಿದೆ.

“ಬಾಯ್ಲ್ ಅಲ್ಲ ಮಾರಾಯ್ತಿ, ಬ್ರಾಯ್ಲ್!” ನೀರಜಾ ಕೂಗಿದಳು.

“ಎರಡೂ ಒಂದೇ ಅಲ್ವೇನ್ರೀ?”

“ಎಂತದು ಒಂದೇ! ಬ್ರಾಯ್ಲ್ ಅಂದ್ರೆ ಒವನ್‌ನಲ್ಲಿ ಮೇಲಿನ ಕಾವು ಮಾತ್ರ ಕೊಟ್ಟು ಕೆಂಪಗೆ ಮಾಡುವುದು. ನೀರು ಹಾಕಿದಿರಾ? ಅಯ್ಯೋ ದೇವರೇ!” ಅವಳು ಬಿದ್ದು ಬಿದ್ದು ನಕ್ಕಳು. ಅಷ್ಟರಲ್ಲಿ ಬಾಗಿಲಿನ ಬೆಲ್ ಆಯಿತು.

ಶೇಷಾದ್ರಿ ಮೇಗನ್‌ಳನ್ನು ಒಳಗೆ ಕರೆದರು. ರಚನಾ ಅಡುಗೆಮನೆಗೆ ಓಡಿ ಬಂದು ಪಾತ್ರೆಗೆ ಇಣುಕಿದಳು. “ಅಮ್ಮಾ... ಇಟ್ಸ್ ಸೂಪ್.”

“ಹತ್ತು ನಿಮಿಷ ಕೊಡು. ಹೋಗಿ ಅವಳಿಗೆ ನಿನ್ನ ರೂಮ್ ತೋರಿಸು.”

ಕೋಳಿಯ ವಿಷಯ ನನಗೆ ಗೊತ್ತಿರಲಿಲ್ಲ, ನಿಜ. ಆದರೆ ನೀರಾದ ಗೊಜ್ಜನ್ನು ಸರಿಮಾಡುವುದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಾಲುಗಳನ್ನು ಇಕ್ಕಳದಲ್ಲಿ ಎತ್ತಿ ಪಕ್ಕಕ್ಕಿಟ್ಟೆ. ಉರಿ ಜೋರು ಮಾಡಿದೆ. ಹುಣಸೆ ರಸ, ದೊಡ್ಡ ಚೂರು ಬೆಲ್ಲ, ಎರಡು ಚಮಚ ಸಾರಿನ ಪುಡಿ, ಹುರಿದ ಎಳ್ಳಿನ ಪುಡಿ. ರುಚಿ ನೋಡುವ ಹಾಗಿಲ್ಲ, ವಾಸನೆಯೇ ಅಳತೆ. ಕುದಿದು ಕುದಿದು ಸೌಟಿಗೆ ಅಂಟುವ ಹದ ಬಂದಾಗ ಸಾಸಿವೆ, ಇಂಗಿನ ಒಗ್ಗರಣೆ ಚುರ್ ಎನಿಸಿದೆ. ಕಾಲುಗಳನ್ನು ಅದರಲ್ಲಿ ಹೊರಳಿಸಿದೆ. ಇಂಗಿನ ಘಮ ಮನೆಯೆಲ್ಲ ಹಬ್ಬಿದಾಗ, ಮಗಳು ಕನ್ನಡ ಬೇಡ ಅಂದಿದ್ದಳು, ಇದು ಅದಕ್ಕಿಂತ ಜೋರಾಗಿ ಮಾತಾಡುತ್ತಿದೆಯಲ್ಲ ಎಂದು ಹೆದರಿದೆ.

ಮೇಜಿಗೆ ಕೂತರು. ಮೇಗನ್ ಮೂಗಿನ ತುಂಬ ಚುಕ್ಕೆಗಳಿದ್ದ ಸಣಕಲು ಹುಡುಗಿ. ಒಂದು ಕಾಲು ಕೈಗೆತ್ತಿಕೊಂಡು ಕಚ್ಚಿದಳು. ಇನ್ನೊಮ್ಮೆ ಕಚ್ಚಿದಳು, ಮತ್ತೊಮ್ಮೆ ಕಚ್ಚಿದಳು, ಬೆರಳು ನೆಕ್ಕಿದಳು.

ಅಬ್ಬ ಎಂದುಕೊಂಡು ಮಗಳ ಕಡೆ ತಿರುಗಿದರೆ, ರಚನಾಳ ಕೈಯಲ್ಲೂ ಒಂದು ಕಾಲು! ವಾರವಾರವೂ ತಿನ್ನುತ್ತೇವೆ ಅಂದಮೇಲೆ ತಿನ್ನದೆ ಹೇಗೆ? ಆ ಸುಳ್ಳು ಅಲ್ಲಿಯವರೆಗೂ ಹೋಗುತ್ತದೆ ಎಂದು ನನಗೆ ಹೊಳೆದೇ ಇರಲಿಲ್ಲ. ಅವಳು ಕಣ್ಣು ಮುಚ್ಚಿ ಅದನ್ನು ಬಾಯಿಯ ಹತ್ತಿರ ತಂದಳು. ಬೇಡ ಕಂದಾ, ಇಷ್ಟವಿಲ್ಲದ್ದನ್ನು ಯಾರಿಗೋಸ್ಕರವೂ ತಿನ್ನಬೇಡ ಎಂದು ಹೇಳಬೇಕಿತ್ತು. ಆದರೆ ಕನ್ನಡ ಮಾತಾಡುವುದಿಲ್ಲ ಎಂದು ಒಪ್ಪಿದ್ದೆ, ಆ ಮಾತಿಗೆ ನನ್ನ ಹತ್ತಿರ ಇಂಗ್ಲಿಷ್ ಇರಲಿಲ್ಲ. ಶೇಷಾದ್ರಿ ಅನ್ನದ ಪಾತ್ರೆ ಹಿಡಿದವರು ಹಾಗೇ ನಿಂತಿದ್ದರು.

ರಚನಾ ಕಣ್ಣು ಬಿಟ್ಟಳು. ಕಾಲನ್ನು ಮೆಲ್ಲಗೆ ಮೇಗನ್ ತಟ್ಟೆಗೆ ಹಾಕಿದಳು.

“ಯು ಕ್ಯಾನ್ ಹ್ಯಾವ್ ಮೈನ್. ವಿ ಡೋಂಟ್ ಈಟ್ ಚಿಕನ್. ವಿ ನೆವರ್ ಡಿಡ್.”

ಮೇಗನ್ ಹುಬ್ಬು ಗಂಟಿಕ್ಕಿ ನನ್ನನ್ನು ನೋಡಿದಳು, ತಟ್ಟೆ ನೋಡಿದಳು. “ಬಟ್ ಯುವರ್ ಮಾಮ್ ಮೇಡ್ ಇಟ್.”

“ಫಾರ್ ಯು” ಅಂದಳು ರಚನಾ. ಅವಳ ಕಿವಿಯೆಲ್ಲ ಕೆಂಪಾಗಿತ್ತು.

ಮೇಗನ್ ಸ್ವಲ್ಪ ಹೊತ್ತು ಯೋಚಿಸಿದಳು. ಆ ಸ್ವಲ್ಪ ಹೊತ್ತಿನಲ್ಲಿ ನಾನು ಹತ್ತು ವರ್ಷ ಮುದುಕಿಯಾದೆ.

“ಓಕೆ” ಅಂದಳು ಕೊನೆಗೆ. “ದೆನ್ ಕ್ಯಾನ್ ಐ ಹ್ಯಾವ್ ಆಲ್ ಆಫ್ ದೆಮ್?”

ಶೇಷಾದ್ರಿ ಗೊಳ್ಳೆಂದು ನಕ್ಕುಬಿಟ್ಟರು. ರಚನಾ ನನ್ನ ಕಡೆ ತಿರುಗಿದಳು.

“ಅಮ್ಮಾ, ನಂಗೆ ಮೊಸರನ್ನ ಕೊಡು.”

ಗಟ್ಟಿಯಾಗಿ, ಕನ್ನಡದಲ್ಲಿ, ಆ ಹುಡುಗಿಯ ಎದುರಿಗೇ. ನಾನು ಅಡುಗೆಮನೆಗೆ ಓಡಿದೆ, ಫ್ರಿಜ್ ಬಾಗಿಲು ತೆರೆದೆ, ಮೊಸರಿನ ಡಬ್ಬ ಕಣ್ಣೆದುರಿಗೇ ಇದ್ದರೂ ಎಷ್ಟು ಹೊತ್ತಾದರೂ ಕಾಣಲಿಲ್ಲ.

“ವಾಟ್ಸ್ ದಟ್? ವಾಟ್ ಡಿಡ್ ಯು ಆಸ್ಕ್ ಫಾರ್?” ಮೇಗನ್ ಕೇಳುತ್ತಿದ್ದಳು.

“ಯು ನೋ. ದ ಗ್ಲೂ” ಅಂದಳು ನನ್ನ ಮಗಳು.

ಇಬ್ಬರೂ ಒಟ್ಟಿಗೆ ಕಿಸಕ್ಕೆಂದರು, ಮತ್ತೆ ತಡೆಯಲಾರದೆ ಮೇಜು ಬಡಿದು ನಗತೊಡಗಿದರು. ಅಟ್ಲಾಂಟಾ ಬಿಟ್ಟಮೇಲೆ ಆ ನಗುವನ್ನು ನಾನು ಕೇಳಿರಲಿಲ್ಲ.

“ಅಮ್ಮಾ! ಎಷ್ಟೊತ್ತು? ಮೇಗನ್‌ಗೂ ಸ್ವಲ್ಪ ಬೇಕಂತೆ!”

“ಬಂದೆ ಪುಟ್ಟೀ, ಬಂದೆ” ಅಂದೆ, ಕಣ್ಣೊರೆಸಿಕೊಂಡು, ನಾನೂ ಕನ್ನಡದಲ್ಲೇ.