ರವಿಕೆಯ ಎಡತೋಳು

ಎಡಗಡೆ ತೋಳೇ ಬಿಗಿ, ಬಲಗಡೆಯದು ಸರಿಯಾಗಿದೆ, ಒಂದೇ ಬಟ್ಟೆ, ಒಂದೇ ಕತ್ತರಿ, ಎಡಗಡೆಗೆ ಮಾತ್ರ ಏನು ಬಂತು ದೊಡ್ಡ ರೋಗ — ಛೆ, ಬಿಡ್ತು ಅನ್ನು, ರೋಗ ಅನ್ನುವ ಮಾತನ್ನು ಈ ಮನೆಯಲ್ಲಿ ಯಾರೂ ಆಡುವುದಿಲ್ಲ, ಅದು ಅನ್ನುತ್ತಾರೆ, ಅದು ಹೋಯ್ತಲ್ಲ, ಇನ್ನು ಅದರ ಯೋಚನೆ ಯಾಕೆ — ಎಡ ಎದೆಯನ್ನೂ ಕಂಕುಳಿನ ಗಂಟುಗಳನ್ನೂ ಕೊಯ್ದು ತೆಗೆದ ಮೇಲೆ ಯುಗಾದಿಯೂ ಕಳೆಯಿತು, ದೀಪಾವಳಿಯೂ ಕಳೆಯಿತು, ಅದು ನಿಜವಾಗಿ ಹೋಗಿದ್ದರೆ ಅದರ ಹೆಸರು ಹೇಳಲು ಇವರಿಗೆಲ್ಲ ಯಾಕೆ ಭಯ? ಕಮಲಾದೇವಿ ಗಿರಿನಗರದ ಮನೆಯ ಹಾಲಿನಲ್ಲಿ ದಿವಾನದ ಮೇಲೆ ಕೂತು ತೋಳಿನಂಚಿಗೆ ಬೆರಳು ತೂರಿಸಿ ನೋಡಿದಳು, ಉಗುರು ಹೋಯಿತು, ಬೆರಳು ಹೋಗಲಿಲ್ಲ, ಒಳಗೆ ಹೋಗಿ ಅದನ್ನು ಬಿಚ್ಚಿಟ್ಟು ನೈಟಿ ಹಾಕಿಕೊಂಡು ಬಂದು ಕೂತಳು. ಮೊದಲು ಅನುಮಾನ ಬಂದದ್ದು ಟೈಲರ್ ಜಯಸಿಂಹನ ಮೇಲೆ, ಬ್ಲೌಸ್ ಪೀಸಿನಲ್ಲಿ ಗೇಣು ಬಟ್ಟೆ ಉಳಿಸಿ ಯಾವಳ ರವಿಕೆಗೋ ಪೈಪಿಂಗ್ ಹಾಕಿದ್ದಾನೆ ಅಂತ, ಜಯನಗರ ಫೋರ್ತ್ ಬ್ಲಾಕಿಗೆ ಹೋಗಿ ಜಗಳವಾಡಿ ಬಂದದ್ದೂ ಆಯಿತು, ಇಲ್ಲ ಮೇಡಂ, ಎರಡೂ ಒಂದೇ ಅಳತೆ, ನೀವೇ ಸ್ವಲ್ಪ ಮೈ ತುಂಬ್ಕೊಂಡಿದ್ದೀರ, ಸಖತ್ ಕಳೆ ಬಂದಿದೆ — ಕಳೆಯಂತೆ, ಮೈ ತುಂಬಿಕೊಂಡರೆ ಎರಡೂ ಕಡೆ ತುಂಬಿಕೊಳ್ಳುತ್ತದೆ, ಒಂದೇ ತೋಳು ತುಂಬಿಕೊಳ್ಳುತ್ತದೆಯೇ, ಮಾತಿನಮಲ್ಲ. ಆದರೆ ಮನೆಗೆ ಬಂದು ಬೀರುವಿನಿಂದ ಹಳೆಯ ರವಿಕೆ ತೆಗೆದು ಹಾಕಿಕೊಂಡರೆ ಅದೂ ಎಡಗಡೆಗೆ ಏರುತ್ತಿಲ್ಲ, ಅದನ್ನು ಹೊಲಿದ ಸಿದ್ದಾಪುರದ ಮುದುಕ ಸತ್ತೇ ಹೋಗಿದ್ದಾನೆ, ಸತ್ತವನು ಎದ್ದು ಬಂದು ಬಟ್ಟೆ ಕದಿಯುವುದಿಲ್ಲ. ಅವತ್ತು ಅನುಮಾನ ಅಂಗಡಿಯಿಂದ ಎದ್ದು ಬಂದು ತೋಳಿನ ಮೇಲೇ ಕೂತಿತು. ಬಿಚ್ಚಿದಾಗ ರಟ್ಟೆಯ ಸುತ್ತ ಒಂದು ಗೆರೆ, ಕೆಂಪಗೆ, ದುಂಡಗೆ — ರವಿಕೆಯಂಚು ಒತ್ತಿದ್ದು, ಇನ್ನೇನು.

ಫೋನನ್ನು ಕೇಳಿದ್ದೇ ತಪ್ಪಾಯಿತೇನೋ. ಆಪರೇಷನ್ ಆದ ಮೇಲೆ ಕೈ ಊತ, ಅಷ್ಟೇ ಕೇಳಿದ್ದು, ಗಂಡನಿಗೆ ಹೇಳಿರಲಿಲ್ಲ, ಮಗಳಿಗೆ ಹೇಳಿರಲಿಲ್ಲ, ಫೋನಿಗೆ ಮಾತ್ರ ಹೇಳಿದ್ದು, ಮಾರನೆಯ ದಿನದಿಂದ ಅದು ಊರಿಗೆಲ್ಲ ಡಂಗುರ ಸಾರಿತು — ಅಡುಗೆ ವಿಡಿಯೋ ನೋಡುತ್ತಿದ್ದರೆ ನಡುವೆ ತೋಳಿನ ಕಾಲುಚೀಲದಂಥದ್ದೊಂದರ ಜಾಹೀರಾತು, ಆಮೇಲೆ ಎಣ್ಣೆ, ಆಮೇಲೆ ಜೀವವಿಮೆ, ಜೀವವಿಮೆ ಯಾಕೆ, ಅದಕ್ಕೇನು ಗೊತ್ತಾಗಿದೆ ನನಗೆ ಗೊತ್ತಿಲ್ಲದ್ದು? ಲಿಂಫೆಡಿಮಾ ಅಂತ ಹೆಸರು ಸಿಕ್ಕಿತು, ಹೆಸರು ಸಿಕ್ಕಿದ್ದೇ ತಡ ಹೆಸರಿನ ಹಿಂದೆ ಸಂತೆ ನೆರೆಯಿತು. ಕತ್ತಿಗೆ ಸ್ಟೆತಸ್ಕೋಪು ನೇತುಹಾಕಿಕೊಂಡ ಒಬ್ಬ, ಯಾವ ಆಸ್ಪತ್ರೆ ಯಾವ ಊರು ಏನೂ ಹೇಳುವುದಿಲ್ಲ, ಹಿಮಾಲಯದ ಬೇರು ಅನ್ನುತ್ತಾನೆ, ಬುಡದಿಂದ ವಾಸಿ ಅನ್ನುತ್ತಾನೆ, ಕೆಳಗೊಂದು ಕೆಂಪು ಬಟನ್ನು, ಈಗಲೇ ಆರ್ಡರ್ ಮಾಡಿ. ಇನ್ನೊಂದರಲ್ಲಿ ಗುಣವಾದ ಹೆಂಗಸಿನ ನಗುಮುಖ, ಪುಣೆಯ ಸುನಂದಾ, ಮತ್ತೊಂದು ಪುಟದಲ್ಲಿ ಅದೇ ಮುಖ, ಅದೇ ಕಿವಿಯೋಲೆ, ಹೆಸರು ಮಾತ್ರ ಕೊಚ್ಚಿಯ ಮೇರಿ, ಗುಣವಾಗಿದ್ದಕ್ಕೆ ಹೆಸರೂ ಬದಲಾಯಿತೇನಮ್ಮಾ? ಒಬ್ಬಳು ಕೈ ಎತ್ತಲೇಬೇಡಿ ಅನ್ನುತ್ತಾಳೆ, ಇನ್ನೊಬ್ಬ ಡಂಬೆಲ್ಸ್ ಎತ್ತಿ ಅನ್ನುತ್ತಾನೆ, ಮೂರನೆಯವನು ನೀರು ಮೇಲೇರದ ಹಾಗೆ ಗಟ್ಟಿಯಾಗಿ ಬಟ್ಟೆ ಸುತ್ತಿ ಅನ್ನುತ್ತಾನೆ, ತೋಳೇನು ಒಡೆದ ನಲ್ಲಿಯೇ? ನಾದಿನಿ ರುದ್ರಮ್ಮ, ಅವಳಿಗೆ ಯಾರು ಹೇಳಿದರೋ, ಅದನ್ನೇ ವಾಟ್ಸಾಪಿನಲ್ಲಿ ಕಳಿಸಿದ್ದಾಳೆ, ಹರಳೆಣ್ಣೆ ಹಚ್ಚಿ ಬಿಗಿಯಾಗಿ ಸುತ್ತು ಕಮಲಾ, ನಮ್ಮ ಬೀದೀಲಿ ಒಬ್ರಿಗೆ ಹೋಯ್ತು — ಏನು ಹೋಯ್ತು, ಊತ ಹೋಯ್ತೋ ಆ ಒಬ್ಬರೇ ಹೋದರೋ, ಕೇಳಿದರೆ ನಮಸ್ಕಾರದ ಕೈ ಕಳಿಸುತ್ತಾಳೆ.

ಅಲ್ಲಿ ಕೋಣೆಯಲ್ಲಿ ಗಂಡ ಚನ್ನಬಸವಯ್ಯನವರು ಕೆಮ್ಮಿದರು, ಇವರೂ ಅಷ್ಟೇ, ಈಚೆಗೆ ಹತ್ತಿರ ಹೋದರೆ ಫೋನು ಬೋರಲು ಹಾಕುತ್ತಾರೆ, ಬನಶಂಕರಿಯಲ್ಲಿ ಇಷ್ಟು ವರ್ಷ ಸ್ಟೀಲ್ ಪಾತ್ರೆ ಅಂಗಡಿ ನಡೆಸಿದವರು, ಗಿರಾಕಿಯ ಮುಖ ಓದುವವರು, ತಮ್ಮ ಮುಖ ಮುಚ್ಚಿಡಲು ಬರುವುದಿಲ್ಲ. ಮಗಳು ಲಿಖಿತಾ ಜೆ.ಪಿ. ನಗರದಿಂದ ಫೋನ್ ಮಾಡಿದರೆ ಮೊದಲು ಅಪ್ಪನ ಹತ್ತಿರ ಮಾತು, ಬಾಲ್ಕನಿಯಲ್ಲಿ, ಬಾಗಿಲು ಎಳೆದುಕೊಂಡು, ಆಮೇಲೆ ಇವಳ ಹತ್ತಿರ, ಅಮ್ಮಾ ಸಿಕ್ಕಿದ್ದೆಲ್ಲ ಓದ್ಬೇಡ, ಸುಮ್ನೆ ಟೆನ್ಶನ್ ಆಗ್ತೀಯ — ನಾನು ಓದುತ್ತೇನೆ ಅಂತ ನಿನಗೆ ಯಾರು ಹೇಳಿದರು? ಚೆಕಪ್ಪಿನ ರಿಪೋರ್ಟಿನಲ್ಲಿ ಏನೋ ಇದೆ, ಇವರಿಗೆ ಗೊತ್ತು, ಅದು ತಿರುಗಿ ಬಂದಿದೆ, ಎದೆಯಲ್ಲಿ ಜಾಗ ಇಲ್ಲದೆ ತೋಳಿಗೆ ಇಳಿದಿದೆ, ಹೌದು, ಅದೇ ಭಯ, ಸುತ್ತಿ ಬಳಸಿ ಹೇಳುವುದೇನು, ಸಾಯುವ ಭಯ, ಈ ಊತ ಅದೇನೋ ಅಲ್ಲವೋ, ಅಷ್ಟು ನಿಜವಾಗಿ ಹೇಳುವವರು ಒಬ್ಬರು ಬೇಕು, ಇಡೀ ಬೆಂಗಳೂರಿನಲ್ಲಿ ಒಬ್ಬರು. ಡಾಕ್ಟರ ಹತ್ತಿರ ಹೋಗಬಹುದು, ಹೋದರೆ ಅವರು ಮುಟ್ಟಿ ನೋಡುತ್ತಾರೆ, ನೋಡಿ ಇವರನ್ನು ಹೊರಗೆ ಕರೆಯುತ್ತಾರೆ, ಆ ಬಾಗಿಲು ಮುಚ್ಚಿಕೊಳ್ಳುವುದನ್ನು ಒಳಗೆ ಕೂತು ಇನ್ನೊಮ್ಮೆ ನೋಡಲು ಅವಳಿಂದ ಆಗದು. ತೋಳು ಭಾರ, ಒದ್ದೆ ಟವೆಲ್ಲಿನ ಹಾಗೆ. ಹೆಬ್ಬೆರಳಿಂದ ಒತ್ತಿದರೆ ಗುಂಡಿ ಬೀಳುತ್ತದೆ, ತುಂಬಿಕೊಳ್ಳಲು ಹೊತ್ತು ಹಿಡಿಯುತ್ತದೆ. ನಿನ್ನೆ ರವಿಕೆಯೇ ಬೇಡವೆಂದು ಸಡಿಲ ನೈಟಿಯಲ್ಲಿ ದಿನವಿಡೀ ಇದ್ದಳು, ಮಲಗುವ ಮುಂಚೆ ನೋಡಿದರೆ ಆ ಗೆರೆ ಹಾಗೇ ಇದೆ, ರವಿಕೆ ಇಲ್ಲದೆಯೂ ಇದೆ, ಕೆಂಪು ಇನ್ನಷ್ಟು ಕೆಂಪಾಗಿದೆ.

ಇದೊಂದು ಪುಟ, ಮೊನ್ನೆಯಿಂದ ತೆರೆದಿಟ್ಟದ್ದು, ನಂಬಬೇಕೋ ಬೇಡವೋ. ಕೆಂಪು ಬಟನ್ನಿಲ್ಲ, ನಗುವ ಹೆಂಗಸಿಲ್ಲ, ಯಾವುದೋ ದೊಡ್ಡ ಕ್ಯಾನ್ಸರ್ ಆಸ್ಪತ್ರೆಯದಂತೆ, ಬರೆದ ಡಾಕ್ಟರುಗಳ ಹೆಸರಿದೆ, ಯಾವಾಗ ತಿದ್ದಿದರು ಅಂತ ತಾರೀಕಿದೆ, ಎಲ್ಲಿಂದ ತೆಗೆದುಕೊಂಡದ್ದು ಅಂತ ಕೆಳಗೆ ಉದ್ದಕ್ಕೆ ಬರೆದಿದ್ದಾರೆ, ಕನ್ನಡದಲ್ಲೂ ಇದೆ, ಯಾರೋ ಒದ್ದಾಡಿಕೊಂಡು ಮಾಡಿದ ಕನ್ನಡ. ಇವರಿಗೇನು ಲಾಭ? ಏನನ್ನೂ ಮಾರದವನು ಅಂಗಡಿ ಯಾಕೆ ತೆರೆಯುತ್ತಾನೆ? ಪೂರ್ತಿ ವಾಸಿಯಾಗದೆ ಇರಬಹುದು, ಹತೋಟಿಯಲ್ಲಿ ಇಡಬಹುದು, ಬೇಗ ತೋರಿಸಿದಷ್ಟೂ ಒಳ್ಳೆಯದು — ಮಾರುವವನು ಯಾವನೂ ಗಿರಾಕಿಗೆ ಪೂರ್ತಿ ವಾಸಿಯಾಗದು ಅನ್ನುವುದಿಲ್ಲ, ತೂತಿರುವ ಪಾತ್ರೆಯನ್ನು ತೂತಿದೆ ಅಂತ ಹೇಳಿ ನಮ್ಮನೆಯವರು ಯಾವತ್ತು ಮಾರಿದ್ದಾರೆ. ಕಂಕುಳಿನ ಗಂಟು ತೆಗೆದಾಗ ನೀರು ಹರಿಯುವ ದಾರಿ ತಪ್ಪುತ್ತದೆ, ಅದಕ್ಕೆ ಊತ, ಊತ ಬಂದ ಮಾತ್ರಕ್ಕೆ ಕ್ಯಾನ್ಸರ್ ಮರಳಿದೆ ಅಂತಲ್ಲ, ಆದರೆ ಪರೀಕ್ಷೆ ಮಾಡಿಸದೆ ಮನೆಯಲ್ಲಿ ಕೂತು ತೀರ್ಮಾನ ಮಾಡಬೇಡಿ — ಅವಳು ಇದನ್ನು ಮೊನ್ನೆಯೂ ಓದಿದ್ದಳು, ನಿನ್ನೆಯೂ ಓದಿದ್ದಳು, ಅಂತಲ್ಲ ಅನ್ನುವ ಮಾತಿನ ಮೇಲೆ ಬೆರಳಿಟ್ಟುಕೊಂಡು ಕೂತಿದ್ದಳು. ಆ ಕೈಯಲ್ಲಿ ಬಿ.ಪಿ. ನೋಡುವುದರಿಂದ ತೊಂದರೆಯೇ ಎಂಬುದಕ್ಕೆ ಪುರಾವೆ ಸಾಲದು ಅಂತ ಬೇರೆ ಬರೆದಿದ್ದಾರೆ, ಆಹಾ, ಇವರಿಗೇ ಗೊತ್ತಿಲ್ಲ, ಇವರನ್ನು ನಾನು ನಂಬಬೇಕು — ಅಲ್ಲ, ತಡಿ, ಇಷ್ಟೂ ಜನರಲ್ಲಿ ನಮಗೆ ಗೊತ್ತಿಲ್ಲ ಅಂದವರು ಇವರೊಬ್ಬರೇ. ಸುಳ್ಳು ಹೇಳುವವನಿಗೆ ಗೊತ್ತಿಲ್ಲದ್ದು ಅಂತ ಯಾವುದೂ ಇರುವುದಿಲ್ಲವಲ್ಲ.

ಹಾಗಾದರೆ ಮುಂದಿನದನ್ನೂ ಓದು. ಕೆಂಪಗಾದರೆ, ಮುಟ್ಟಿದರೆ ಬಿಸಿಯಿದ್ದರೆ, ಜ್ವರ ಬಂದರೆ ಅವತ್ತೇ ಡಾಕ್ಟರಿಗೆ ತೋರಿಸಿ, ಸೋಂಕಿರಬಹುದು. ಕೆಂಪು, ಹೌದು, ಬಿಸಿ, ಬಲಗೈ ಇಟ್ಟು ನೋಡಿದಳು, ಇದೆ, ಆ ಗೆರೆಯ ಸುತ್ತ ಇದೆ. ಆ ತೋಳಿಗೆ ಬಿಗಿಯಾದ ಯಾವುದನ್ನೂ ಕಟ್ಟಿಕೊಳ್ಳಬೇಡಿ — ಗೊತ್ತಮ್ಮಾ, ಅದು ಗೊತ್ತು, ಡಾಕ್ಟರೂ ಕೇಳಿದ್ದರು ಅವತ್ತು ಚೆಕಪ್ಪಿಗೆ ಹೋದಾಗ, ಎಡಗೈಗೆ ಬಿಗಿಯಾಗಿ ಏನಾದ್ರೂ ಹಾಕ್ಕೊಂತೀರಾ ಅಮ್ಮ, ಇಲ್ಲ ಡಾಕ್ಟ್ರೇ, ಏನೂ ಇಲ್ಲ, ಬಳೆಯೆಲ್ಲ ಬಲಗೈಗೆ ಹಾಕಿಕೊಂಡಿರಲಿಲ್ಲವೇ, ಮುತ್ತೈದೆ ಎಡಗೈ ಬೋಳು ಬಿಟ್ಕೊಂಡು ಓಡಾಡ್ತಾಳೆ ಅಂತ ರುದ್ರಮ್ಮನ ಬಾಯಲ್ಲಿ ಅನ್ನಿಸಿಕೊಂಡಿರಲಿಲ್ಲವೇ, ಉಂಗುರ ತೆಗೆದಳು, ವಾಚು ತೆಗೆದಳು, ರಕ್ತ ತೆಗೆಯಲು ಬಂದ ಹುಡುಗಿಯನ್ನು ಗದರಿಸಿದಳು, ಟೈಲರನ್ನು ಕಳ್ಳ ಮಾಡಿದಳು, ಗಂಡನನ್ನೂ ಮಗಳನ್ನೂ ಸುಳ್ಳರು ಮಾಡಿದಳು, ಇನ್ನು ಆ ತೋಳಿನ ಮೇಲೆ ಏನಿದೆ, ಏನೂ ಇಲ್ಲ, ಲಿಂಗ ಒಂದು —

ಲಿಂಗ. ಅದು ಹಾಕಿಕೊಂಡದ್ದೇ? ಅದು ಮೈಯಲ್ಲವೇ, ಏಳನೆಯ ವಯಸ್ಸಿನಲ್ಲಿ ಗುರುಗಳು ಕಟ್ಟಿದ್ದು, ಲಿಂಗ ಮೈಮೇಲಿಲ್ಲದೆ ಗುಟುಕು ನೀರು ಕುಡಿದವಳಲ್ಲ, ಆಪರೇಷನ್ ದಿನ ನರ್ಸು ಎಲ್ಲ ತೆಗೀರಿ ಅಂದಾಗ ಮಾತ್ರ ಇವರ ಕೈಗೆ ಕೊಟ್ಟದ್ದು, ಇವರು ಕಾರಿಡಾರಿನಲ್ಲಿ ಅಂಗೈ ಮುಚ್ಚಿಕೊಂಡು ನಿಂತೇ ಇದ್ದರಂತೆ, ಕೂರಲಿಲ್ಲವಂತೆ, ಕಣ್ಣು ಬಿಟ್ಟಾಗ ಮೊದಲು ಅದನ್ನೇ ಅಂಗೈಯಲ್ಲಿಟ್ಟರು. ಕೊರಳಿಗೆ ಹಾಕಿಕೊಂಡರೆ ಲಿಂಗವಿಟ್ಟ ಬೆಳ್ಳಿ ಕರಡಿಗೆ ಆಪರೇಷನ್ ಹೊಲಿಗೆಗೆ ತಾಗಿ ಉರಿಯುತ್ತಿತ್ತು, ಇವರೇ ಅಂದರು, ರಟ್ಟೆಗೆ ಕಟ್ಕೋ ಕಮಲಾ, ನಮ್ಮಮ್ಮ ಕಟ್ಕೊಳ್ತಿರ್ಲಿಲ್ವಾ, ವಸ್ತ್ರದಲ್ಲಿ ಸುತ್ತಿ, ಶಿವದಾರದಿಂದ, ಎಡ ರಟ್ಟೆಗೆ, ಲಿಂಗ ಹಿಡಿಯುವ ಕೈ ಎಡಗೈ ತಾನೇ. ಅವತ್ತಿನಿಂದ ಬೆಳಿಗ್ಗೆ ಪೂಜೆ ಮುಗಿದ ಮೇಲೆ ಇವರೇ ಕಟ್ಟುತ್ತಾರೆ, ಒಂದೇ ಕೈಯಲ್ಲಿ ಅವಳಿಗೆ ಗಂಟು ಹಾಕಲು ಬರುವುದಿಲ್ಲ, ಜಾರಿ ಬಿದ್ದೀತೆಂದು ಇವರು ಗಟ್ಟಿಯಾಗಿ ಕಟ್ಟುತ್ತಾರೆ. ಬಿಗಿಯಾಗಿ.

ರೀ. ಇಲ್ಲಿ ಬನ್ನಿ. ಬಂದರು, ಕೈಯಲ್ಲಿ ಫೋನು, ಬೋರಲು ಹಾಕುವುದನ್ನು ಮರೆತಿದ್ದಾರೆ, ಅದೇ ಪುಟ, ಅದೇ ಒದ್ದಾಡುವ ಕನ್ನಡ, ಇವರೂ ಹುಡುಕುತ್ತಿದ್ದದ್ದು ಇದನ್ನೇ, ಅಯ್ಯೋ ಶಿವನೇ, ಒಂದೇ ಮನೆಯಲ್ಲಿ ಇಬ್ಬರು ಕಳ್ಳರು. ಇದನ್ನ ಬಿಚ್ಚಿ. ಯಾವ್ದು? ದಾರ. ಲಿಂಗಾನಾ, ಈಗ ಯಾಕೆ, ಪೂಜೆ ಹೊತ್ತಲ್ವಲ್ಲೇ. ಬಿಚ್ಚಿ ಅಂದ್ರೆ ಬಿಚ್ಚಿ, ಆಮೇಲೆ ಆಟೋ ಕರೀರಿ, ಡಾಕ್ಟ್ರ ಹತ್ರ ಹೋಗೋಣ, ಇವತ್ತೇ. ಅವರು ಬಗ್ಗಿದರು, ನೈಟಿಯ ತೋಳು ಸರಿಸಿದರು, ಕೈ ನಿಂತಿತು. ಓದಿದ್ದೆ ಕಣೇ, ಬಿಗಿಯಾಗಿ ಕಟ್ಬಾರ್ದು ಅಂತ, ಬೆಳಿಗ್ಗೆ ಓದ್ದೆ, ಓದ್ಬಿಟ್ಟು ಬಂದು ನಾನೇ — ಉಗುರಿನಲ್ಲಿ ಗಂಟನ್ನು ಕೆದಕುತ್ತಿದ್ದಾರೆ, ಅದು ಮಾಂಸದೊಳಗೆ ಕೂತಿದೆ, ಬಿಟ್ಟಿತು, ಬಿಚ್ಚಿಕೊಂಡಿತು, ಲಿಂಗ ಬೆಚ್ಚಗೆ ಅವಳ ಅಂಗೈಗೆ ಬಂತು, ಸದ್ಯ, ಇನ್ನು ಉಸಿರಾಡಬಹುದು ಅಂದುಕೊಂಡು ತಿರುಗಿ ನೋಡಿದಳು — ದಾರ ಅವರ ಕೈಯಲ್ಲಿ ನೇತಾಡುತ್ತಿದೆ, ತೋಳಿನ ಮೇಲೆ ಅದರ ಅಚ್ಚು ಕಟ್ಟಿದ ಹಾಗೇ ಇದೆ, ಸುತ್ತು ಸಮೇತ, ಗಂಟು ಸಮೇತ, ಕೆಂಪಗೆ, ಅವರು ಅದನ್ನೂ ದಾರವೆಂದೇ ಬಿಚ್ಚಲು ಬೆರಳು ಚಾಚುತ್ತಿದ್ದಾರೆ, ಆ ಗೆರೆಯನ್ನು, ಆ ಗೆರೆಯನ್ನು